ಬರಿಕೈಯಲ್ಲಿ ಬಂದ ಪೂವಕ್ಕ

ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಬೆಳಗ್ಗೆ ಎದ್ದು ಎಂತ ಮಾಡುದು ಅಂತಲೇ ನನಗೆ ಗೊತ್ತಾಗುದಿಲ್ಲ. ಕುಂಬ್ರದಲ್ಲಿ ನಮ್ಮ ಮನೆ ಮಾರ್ಗದ ಬದಿಯಲ್ಲೇ. ಪುತ್ತೂರಿನ ಬಸ್ಸು ಹಾರ್ನ್ ಹಾಕಿದ ಕೂಡಲೇ ನನ್ನ ಕೈ ತನ್ನಷ್ಟಕ್ಕೇ ಬುತ್ತಿ ಡಬ್ಬಿ ಹುಡುಕ್ತದೆ. "ಇವತ್ತು ಸವಾರಿ ಎಲ್ಲಿಗೆ?" ಅಂತ ನಮ್ಮ ಮನೆಯವರು ತಮಾಷೆ ಮಾಡ್ತಾರೆ. ಮಾಡಲಿ. ಅವರಿಗೆ ಗೊತ್ತಿಲ್ಲ, ಆ ಬಸ್ಸು ಹೋದ ಮೇಲೆ ನನಗೆ ಚಹಾವೂ ರುಚಿಸುದಿಲ್ಲ.

ನನ್ನ ಹೆಸರು ವಾರಿಜ. ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಮೊಣಕಾಲು ಹೇಳಿದ ಮಾತು ಕೇಳುದು ಬಿಟ್ಟ ಮೇಲೆ ವಾರ್ಡಿನಿಂದ ಎಬ್ಬಿಸಿ ಕಾರ್ಡ್ ಕೌಂಟರಿನಲ್ಲಿ ಕೂರಿಸಿದರು. ಕಾರ್ಡ್ ಅಂದರೆ ಸರ್ಕಾರದ ಆರೋಗ್ಯ ವಿಮೆಯ ಕಾರ್ಡ್. ಕ್ಯಾನ್ಸರಿನ ಪೇಷಂಟುಗಳ ರಿಪೋರ್ಟ್ ನೋಡಿ, ಕಂಪ್ಯೂಟರಿಗೆ ಹಾಕಿ, ಮೇಲಿನಿಂದ ಮಂಜೂರಾತಿ ತರಿಸಿ, ಅವರನ್ನು ಬೆಡ್ಡಿಗೆ ಕಳಿಸುದು ನನ್ನ ಕೆಲಸ. ಕುರ್ಚಿ ಬದಲಾದರೂ ಜನಕ್ಕೆ ನಾನು ಕೊನೆಯವರೆಗೂ ಸಿಸ್ಟರೇ.

ಈಗ ಆ ಕುರ್ಚಿಯಲ್ಲಿ ಹೊಸ ಹುಡುಗಿಯರು ಕೂರ್ತಾರೆ. ಇದು ಅವರಿಗಾಗಿ ಬರೆಯುದು. ಕಂಪ್ಯೂಟರ್ ನಿಮಗೆ ನನಗಿಂತ ಚೆನ್ನಾಗಿ ಗೊತ್ತುಂಟು, ಅದನ್ನು ಹೇಳಿಕೊಡುವಷ್ಟು ಜೋರಿನವಳು ನಾನಲ್ಲ. ಆದರೆ ಕೌಂಟರಿನ ಆಚೆ ಬದಿ ನಿಂತವರ ಮುಖ ನೋಡುದು ಹೇಗೆ ಅಂತ ಯಾವ ತರಬೇತಿಯಲ್ಲೂ ಹೇಳುದಿಲ್ಲ. ಅದನ್ನಷ್ಟು ಹೇಳ್ತೇನೆ. ಬೇಜಾರು ಬಂದರೆ ಪುಟ ತಿರುಗಿಸಿ, ನನಗೇನೂ ಸಿಟ್ಟಿಲ್ಲ.

ಕಾರ್ಡ್ ಬಂದ ಹೊಸತರಲ್ಲಿ ನಮ್ಮ ಮ್ಯಾನೇಜರ್ ರಾಯರಿಗೆ ಭಾರೀ ಉತ್ಸಾಹ. ಒಳ್ಳೆ ಮನುಷ್ಯ, ಆದರೆ ಬೋರ್ಡ್ ಬರೆಸುದು ಅಂದರೆ ಹುಚ್ಚು. ಗೇಟಿನ ಹತ್ತಿರ ದೊಡ್ಡ ಅಕ್ಷರದಲ್ಲಿ 'ಕಾರ್ಡ್ ಇದ್ದವರಿಗೆ ಎಲ್ಲವೂ ಉಚಿತ' ಅಂತ ಬರೆಸಿ ಹಾಕಿದರು. ಅದನ್ನು ನಂಬಿ ಗುಂಡ್ಯದಿಂದ ಒಬ್ಬರು ಹೋಟೆಲಿನ ಅಡುಗೆಯವರು ಬಂದರು. ಗಂಟಲಲ್ಲಿ ಗಡ್ಡೆ. ಕಿಸೆಯಲ್ಲಿ ಇದ್ದದ್ದು ಬರುವ ಬಸ್ಸಿಗೆ ಸರಿಯಾಯ್ತು, ತಿರುಗಿ ಹೋಗ್ಲಿಕ್ಕೆ ದುಡ್ಡಿಲ್ಲ. ಕಾರ್ಡ್ ಕೆಲಸ ಮಾಡ್ಬೇಕಾದರೆ ಕ್ಯಾನ್ಸರ್ ಅಂತ ರಿಪೋರ್ಟ್ ಬೇಕು, ರಿಪೋರ್ಟ್ ಬೇಕಾದರೆ ಗಡ್ಡೆಯ ತುಂಡು ತೆಗೆದು ಪರೀಕ್ಷೆ ಆಗ್ಬೇಕು, ಸ್ಕ್ಯಾನ್ ಆಗ್ಬೇಕು. ಅಷ್ಟರವರೆಗೆ ಕಾರ್ಡ್ ಕಿಸೆಯಲ್ಲಿ ಸುಮ್ಮನೆ ಮಲಗಿರ್ತದೆ. ಆ ಖರ್ಚೆಲ್ಲ ಕೈಯಿಂದಲೇ. ಅವರು ನನಗೆ ಬೈಲಿಲ್ಲ. "ಬೋರ್ಡ್ ನಾನು ಸರಿ ಓದ್ಲಿಲ್ವೋ ಏನೋ" ಅಂತ ಹೊರಗೆ ಹೋಗಿ ಇನ್ನೊಮ್ಮೆ ಓದಿ ಬಂದರು. ನೆಟ್ಟಗೆ ರಾಯರ ರೂಮಿಗೆ ನುಗ್ಗಿದೆ. "ಆ ಬೋರ್ಡ್ ತೆಗೀತೀರಾ, ಇಲ್ಲ ನಾನೇ ಸಗಣಿ ಬಳೀಬೇಕಾ?" ಅಂದೆ. ರಾಯರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮಾರಾಯ್ತಿ, ನೀನು ವಾರ್ಡಿನಲ್ಲೇ ಇದ್ದಿದ್ದರೆ ನನಗೆ ಸುಖ ಇತ್ತು" ಅಂದರು. ಆದರೆ ಬೋರ್ಡ್ ತೆಗೆಸಿದರು. ಅಡುಗೆಯವರ ಪರೀಕ್ಷೆಗೂ ಎಲ್ಲೆಲ್ಲಿಗೋ ಫೋನ್ ಮಾಡಿ ವ್ಯವಸ್ಥೆ ಮಾಡಿಸಿದರು. ಅಂಥ ಮೇಲಿನವರು ಸಿಕ್ಕಿದರೆ ಜಗಳ ಮಾಡಲಿಕ್ಕೂ ಒಂದು ಖುಷಿ.

ಮತ್ತೆ ಬಂತು ಹೆಬ್ಬೆಟ್ಟಿನ ಮೆಶಿನ್. ಬೆರಳು ಒತ್ತಿದರೆ ಹಸಿರು ದೀಪ ಹತ್ತಬೇಕು. ನಮ್ಮ ಜನರ ಬೆರಳು ಅದಕ್ಕೆ ಕಂಡದ್ದೇ ಇಲ್ಲ! ಅಡಿಕೆ ಸುಲಿದು ಸವೆದ ಬೆರಳು, ಬೀಡಿ ಸುತ್ತಿ ನಯವಾದ ಬೆರಳು. ನೆಲ್ಯಾಡಿ ಕಡೆಯಿಂದ ರಬ್ಬರ್ ಟ್ಯಾಪಿಂಗ್ ಮಾಡುವ ಚಾಕೋ ಚೇಟ್ಟ ಬಂದಿದ್ದರು, ಚೇಟ್ಟ ಅಂದರೆ ಮಲಯಾಳದಲ್ಲಿ ಅಣ್ಣ. ಹತ್ತು ಬೆರಳೂ ಒತ್ತಿಯಾಯ್ತು, ಕೆಂಪು ದೀಪವೇ. "ಬೇರೆ ದಿನ ಬನ್ನಿ ಅಂತ ಹೇಳಿ" ಅಂದರು ಒಳಗಿನ ಆಫೀಸಿನಿಂದ. ಬೇರೆ ದಿನ ಅಂದರೆ ಇನ್ನೊಂದು ಬಸ್ಸು, ಇನ್ನೊಂದು ದಿನದ ಟ್ಯಾಪಿಂಗ್ ಹೋಯ್ತು, ಜೊತೆಗೆ ಬಂದವನ ಕೂಲಿಯೂ ಹೋಯ್ತು. ನಾನು ಕ್ಯಾಂಟೀನಿನಿಂದ ಬಿಸಿನೀರು ತರಿಸಿ ಅವರ ಕೈ ಅದರಲ್ಲಿ ಮುಳುಗಿಸಿ, ಎಣ್ಣೆ ಹಚ್ಚಿ, ಒರೆಸಿ, ಮತ್ತೆ ಒತ್ತಿಸಿದೆ. ಎಡಗೈಯ ಕಿರುಬೆರಳು ಪಾಸ್! ಚಾಕೋ ಚೇಟ್ಟ ಆ ಕಿರುಬೆರಳನ್ನು ಮೇಲೆತ್ತಿಕೊಂಡೇ ವಾರ್ಡಿಗೆ ಹೋದರು, ಬೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಈಗ ಮೆಶಿನ್ ಮುಖ ನೋಡಿ ಗುರುತು ಹಿಡೀತದಂತೆ. ಕೀಮೋ ಹಾಕಿ ಕೂದಲು, ಹುಬ್ಬು ಎಲ್ಲ ಹೋದ ಮುಖವನ್ನು ಅದು ಹೇಗೆ ಗುರುತು ಹಿಡೀತದೋ, ನನಗಂತೂ ಸಂಶಯ ಉಂಟು. ನೀವಾದರೂ ಗುರುತು ಹಿಡಿಯಿರಿ. 'ಬೇರೆ ದಿನ ಬನ್ನಿ' ಅಂತ ಹೇಳುವ ಮೊದಲು ಒಮ್ಮೆ ಅವರ ಊರು ಯಾವುದು ಅಂತ ಕೇಳಿ.

ಕಾರ್ಡಿನ ಹೊರಗೆ ಎಷ್ಟು ಖರ್ಚು ಇರ್ತದೆ ಅಂತ ಆ ಬೆಂಚಿನ ಮೇಲೆ ಕೂತವರೇ ನನಗೆ ಕಲಿಸಿದ್ದು. ಡ್ರಿಪ್ಪಿನ ಮದ್ದು, ಬೆಡ್ಡು ಕಾರ್ಡಿನಲ್ಲಿ ಹೋಗ್ತದೆ. ವಾಂತಿ ಮಾಡಿಕೊಂಡು ಬಸ್ಸಿನಲ್ಲಿ ಹೋಗ್ಲಿಕ್ಕೆ ಆಗದೆ ಮಾಡಿದ ರಿಕ್ಷಾ ಹೋಗುದಿಲ್ಲ. ಬಾಯಿ ಹುಣ್ಣಾಗಿ ಊಟ ಸೇರದೆ ಕುಡಿದ ಎಳನೀರು ಹೋಗುದಿಲ್ಲ. ಜೊತೆಗೆ ಬಂದವರ ಊಟ, ಅವರ ತಪ್ಪಿದ ಕೆಲಸ ಯಾವ ಪ್ಯಾಕೇಜಿನಲ್ಲೂ ಇಲ್ಲ. ಇಷ್ಟೆಲ್ಲ ನನಗೆ ಗೊತ್ತಿತ್ತು. ಇದರಾಚೆಗೂ ಒಂದು ಖರ್ಚುಂಟು ಅಂತ ತೋರಿಸಿಕೊಟ್ಟದ್ದು ಪೂವಕ್ಕ.

ಪೂವಕ್ಕನ ಊರು ಸುಳ್ಯದಿಂದ ಇನ್ನೂ ಒಳಗೆ, ಬಸ್ಸಿಳಿದು ಜೀಪು ಹತ್ತಬೇಕು. ಮನೆಯಲ್ಲಿ ಅರೆಭಾಷೆ ಮಾತಾಡುವ ಗೌಡರು. ಗಂಡ ಬೆಳ್ಯಪ್ಪಣ್ಣ ಬೇರೆಯವರ ತೋಟಕ್ಕೆ ಕೆಲಸಕ್ಕೆ ಹೋಗುದು, ಪೂವಕ್ಕ ಬೀಡಿ ಕಟ್ಟುದು. ಎದೆಯ ಆಪರೇಶನ್ ಮಂಗಳೂರಿನಲ್ಲಿ ಮುಗಿಸಿ, ಕೀಮೋ ಹತ್ತಿರ ಆಗ್ತದೆ ಅಂತ ನಮ್ಮಲ್ಲಿಗೆ ಬಂದರು. ನಾವು ತುಳುವಿನಲ್ಲೇ ಮಾತಾಡಿದ್ದು, ಇಲ್ಲಿ ಕನ್ನಡದಲ್ಲಿ ಬರೀತೇನೆ. ಕೀಮೋ ನೋಡುವ ನಮ್ಮ ಡಾಕ್ಟರಮ್ಮ ಎಲ್ಲ ವಿವರಿಸಿದರು. ಮೂರು ವಾರಕ್ಕೊಮ್ಮೆ ಬರಬೇಕು, ನಡುವೆ ತಪ್ಪಿಸಬಾರದು, ತಪ್ಪಿಸಿದರೆ ಹಿಂದಿನದ್ದೂ ನೀರಿಗೆ ಹಾಕಿದ ಹಾಗೆ. ಬದುಕ್ತೇನಾ ಇಲ್ವಾ ಅಂತ ಪೂವಕ್ಕ ಕೇಳ್ಲೇ ಇಲ್ಲ. ಆಪರೇಶನ್ ಆದ ಬದಿಯ ಕೈಯನ್ನು ಮೆಲ್ಲ ಎತ್ತಿ ತೋರಿಸಿ, "ಡಾಕ್ಟ್ರೇ, ಮಗಳು ಬಸುರಿ. ಕಡಬಕ್ಕೆ ಕೊಟ್ಟದ್ದು, ಚೊಚ್ಚಲು. ಈ ಕೈಯಲ್ಲಿ ನನಗೆ ಮಗು ಮೀಯಿಸ್ಲಿಕ್ಕೆ ಆಗ್ತದಾ?" ಅಂತ ಕೇಳಿದರು.

ನಮ್ಮಲ್ಲಿ ಬಾಣಂತನ ಅಂದರೆ ತಾಯಿಯ ಹಕ್ಕು. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹಾಕುದು ಅಜ್ಜಿಯೇ. ಡಾಕ್ಟರಮ್ಮನಿಗೂ ಅದು ಅರ್ಥ ಆಯ್ತು. "ಒಂದೂ ತಪ್ಪಿಸದೆ ಬಂದರೆ ಮೀಯಿಸ್ತೀರಿ" ಅಂದರು. "ಬರ್ತೇನೆ" ಅಂದರು ಪೂವಕ್ಕ. ಅಷ್ಟೇ ಮಾತು.

ಬಂದರು. ಬರುವಾಗೆಲ್ಲ ಕೈಯಲ್ಲಿ ಒಂದು ಚೀಲ. ಮೊದಲ ಸಲ ಕದಳಿ ಬಾಳೆಹಣ್ಣು, ಡಾಕ್ಟರಮ್ಮನಿಗೆ, ನನಗೆ, ವಾರ್ಡಿನ ನರ್ಸಿಗೆ, ನೆಲ ಒರೆಸುವ ಆಯಾಗೆ, ಗೇಟಿನವನಿಗೆ, ಎಲ್ಲರಿಗೂ ಪಾಲು. ಮತ್ತೊಮ್ಮೆ ಹಲಸಿನ ಹಪ್ಪಳ. ಇನ್ನೊಮ್ಮೆ ಕಾಟುಮಾವಿನ ಹಣ್ಣು. ಅದರ ಪರಿಮಳಕ್ಕೆ ಇಡೀ ವಾರ್ಡ್ ಎದ್ದು ಕೂತಿತ್ತು. "ಬೇಡ ಪೂವಕ್ಕ, ಇದೆಲ್ಲ ತರಬೇಡಿ" ಅಂತ ನಾನು ಹೇಳ್ತಿದ್ದೆ. ಆದರೆ ನಮ್ಮ ಊರಿನಲ್ಲಿ ಬೇಡ ಅಂದದ್ದನ್ನು ಯಾರು ಲೆಕ್ಕಕ್ಕೆ ಹಿಡೀತಾರೆ ಮಾರಾಯ್ರೆ? ಚಹಾ ಬೇಡ ಬೇಡ ಅಂತ ಹೇಳಿಯೇ ಎರಡು ಲೋಟ ಕುಡಿಯುವ ಜನ ನಾವು. ನಾನು ಬೇಡ ಅಂದಷ್ಟೂ, ಸಿಸ್ಟರಿಗೆ ಎಂಥ ದಾಕ್ಷಿಣ್ಯ ನೋಡಿ ಅಂತ ಪೂವಕ್ಕ ಚೀಲವನ್ನು ಇನ್ನೂ ಒತ್ತಿ ಇಡ್ತಿದ್ದರು. ಸಂಬಳ ಕೊಡುವವರಿಗಿಂತ ಅವರ ಚೀಲದ ಮೇಲೆ ನನಗೆ ಪ್ರೀತಿ, ಅದು ಸುಳ್ಳಲ್ಲ.

ಆಟಿ ತಿಂಗಳು ಬಂತು, ಜಡಿಮಳೆಯ ಆಷಾಢ. ಆ ತಿಂಗಳಲ್ಲಿ ಹಿತ್ತಲಲ್ಲಿ ಎಂತದೂ ಇರುದಿಲ್ಲ. ಪೂವಕ್ಕ ಚೀಲದಿಂದ ಸೇಬು ತೆಗೆದರು, ಅಂಗಡಿಯ ಸ್ಟಿಕ್ಕರ್ ಅಂಟಿಸಿದ ಕೆಂಪು ಸೇಬು. "ಇದೆಂತ ಪೂವಕ್ಕ, ಸುಳ್ಯದಲ್ಲಿ ಸೇಬಿನ ಮರ ಉಂಟಾ?" ಅಂತ ನಾನು ಚೇಷ್ಟೆ ಮಾಡಿದೆ. "ನಿಮಗೆ ಗೊತ್ತಿಲ್ಲ, ಈಗ ಎಲ್ಲ ಆಗ್ತದೆ" ಅಂತ ಅವರೂ ನಕ್ಕರು. ತಲೆಗೆ ಕಟ್ಟಿದ ವಸ್ತ್ರ ಜಾರಿತು, ಸರಿ ಮಾಡಿಕೊಂಡರು. ಆ ಸಲ ಬೆಳ್ಯಪ್ಪಣ್ಣ ಕ್ಯಾಂಟೀನಿಗೆ ಊಟಕ್ಕೆ ಹೋಗ್ಲಿಲ್ಲ, ಹಸಿವಿಲ್ಲ ಅಂತ ಬೆಂಚಿನಲ್ಲೇ ಕೂತಿದ್ದರು.

ಮುಂದಿನ ಸರದಿಗೆ ಪೂವಕ್ಕ ಬರ್ಲಿಲ್ಲ.

ಫೋನ್ ಮಾಡಿದೆ. ಅವರ ಊರಲ್ಲಿ ನೆಟ್‌ವರ್ಕ್ ಸಿಗ್ಬೇಕಾದರೆ ಗುಡ್ಡ ಹತ್ತಬೇಕು. ಹೇಗೋ ಬೆಳ್ಯಪ್ಪಣ್ಣ ಸಿಕ್ಕಿದರು. "ಬರ್ತೇವೆ ಸಿಸ್ಟರೇ, ಮುಂದಿನ ವಾರ" ಅಂದರು. ಮುಂದಿನ ವಾರವೂ ಬೆಡ್ ಖಾಲಿ. ಡಾಕ್ಟರಮ್ಮ ಫೈಲ್ ನೋಡಿ, "ಇನ್ನು ತಡ ಆದರೆ ಅರ್ಥ ಇಲ್ಲ ವಾರಿಜ" ಅಂದರು. ರಾಯರ ಹತ್ತಿರ ಹೋದೆ. "ಮನೆಮನೆಗೆ ಹೋಗಿ ಕರೆಯುದು ನಮ್ಮ ಕೆಲಸ ಅಲ್ಲ" ಅಂದರು. "ಕೆಲಸ ಅಲ್ಲ, ಅದಕ್ಕೇ ರಜೆ ಕೇಳುದು" ಅಂದೆ. ಕೊಟ್ಟರು.

ನಮ್ಮಲ್ಲಿ ರೋಗಿಯನ್ನು ನೋಡ್ಲಿಕ್ಕೆ ಹೋಗುವಾಗ ಬ್ರೆಡ್ಡು, ಕಿತ್ತಳೆ, ಏನಾದರೂ ಹಿಡ್ಕೊಂಡು ಹೋಗುದು ಕ್ರಮ. ಸುಳ್ಯದಲ್ಲಿ ಇಳಿದು ಅಂಗಡಿ ನೋಡುವಷ್ಟರಲ್ಲಿ ಜೀಪಿನವನು, "ಬರುದಾದರೆ ಬನ್ನಿ, ಮತ್ತೆ ಸಂಜೆಗೇ" ಅಂತ ಬೊಬ್ಬೆ ಹಾಕಿದ. ಹತ್ತಿ ಕೂತೆ. ದಾರಿ ಉದ್ದಕ್ಕೂ ನನ್ನದು ಒಂದೇ ಚಿಂತೆ, ರೋಗಿಯ ಮನೆಗೆ ಬರಿಕೈಯಲ್ಲಿ ಹೋಗ್ತಾ ಇದ್ದೇನಲ್ಲ, ಎಂಥ ನಾಚಿಕೆಗೇಡು! ಅವರ ಜಗಲಿ ಹತ್ತುವಾಗ ಎರಡೂ ಕೈಯನ್ನು ಸೆರಗಿನ ಅಡಿಯಲ್ಲಿ ಇಟ್ಕೊಂಡಿದ್ದೆ.

ಪೂವಕ್ಕ ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ತಾ ಇದ್ದರು. ನನ್ನನ್ನು ನೋಡಿ ಎದ್ದ ರಭಸಕ್ಕೆ ಹೊಗೆಸೊಪ್ಪೆಲ್ಲ ಚೆಲ್ಲಿತು. ಸಂತೋಷವೂ ಹೆದರಿಕೆಯೂ ಒಟ್ಟಿಗೆ ಬಂದ ಮುಖ ಅದು.

"ಯಾಕೆ ಬರ್ಲಿಲ್ಲ ಪೂವಕ್ಕ?"

"ಜ್ವರ ಇತ್ತು ಸಿಸ್ಟರೇ."

"ಸುಳ್ಳು."

ಪೂವಕ್ಕ ಚೆಲ್ಲಿದ ಹೊಗೆಸೊಪ್ಪು ಹೆಕ್ಕಲಿಕ್ಕೆ ಕೂತರು. ಹೇಳಿದ್ದು ಬೆಳ್ಯಪ್ಪಣ್ಣ, ಅದೂ ಅಂಗಳ ನೋಡ್ತಾ. "ಬಸ್ಸಿಗೆ ಹೇಗೂ ಒಟ್ಟು ಮಾಡ್ತೇವೆ ಸಿಸ್ಟರೇ. ಚೀಲಕ್ಕೆ ಹಾಕ್ಲಿಕ್ಕೆ ಎಂತದೂ ಇಲ್ಲ. ಬಾಳೆಗೊನೆ ಇಲ್ಲ, ಪೇಟೆಯಿಂದ ತರುವ ಹಾಗೆ ಇಲ್ಲ. ಹೋಗುವಾ ಅಂತ ಎಷ್ಟು ಹೇಳಿದೆ, ಇವ್ಳು ಬರಿಕೈಯಲ್ಲಿ ಬರುದಿಲ್ಲ ಅಂತ ಕೂತದ್ದು."

ನಾನು ಹಣೆ ಚಚ್ಚಿಕೊಂಡೆ. "ಅಯ್ಯೋ ಮಾರಾಯ್ತಿ! ಅದಕ್ಕೆ ಯಾರಾದರೂ ಮದ್ದು ಬಿಡ್ತಾರಾ?"

ಪೂವಕ್ಕನಿಗೆ ಸಿಟ್ಟು ಬಂತು. ಅವರ ಸಿಟ್ಟು ನಾನು ನೋಡಿದ್ದು ಅದೊಂದೇ ಸಲ. "ನಿಮಗೆ ಸುಲಭ ಸಿಸ್ಟರೇ. ಅಷ್ಟು ದೊಡ್ಡ ಮದ್ದು ಬಿಟ್ಟಿಗೆ ಹಾಕಿಸ್ಕೊಳ್ಳುದು ನಾನು. ನೀವೆಲ್ಲ ನನ್ನ ವಾಂತಿ ಎತ್ತುದು. ಕೈ ಬೀಸಿಕೊಂಡು ಬಂದು, ಮಲಗಿ, ಎದ್ದು ಹೋಗ್ಲಿಕ್ಕೆ ನಾನೇನು ಭಿಕ್ಷೆಯವಳಾ?"

ಕಾರ್ಡ್ ಭಿಕ್ಷೆ ಅಲ್ಲ, ಅದು ನಿಮ್ಮ ಹಕ್ಕು, ಸರ್ಕಾರ ಆಸ್ಪತ್ರೆಗೆ ದುಡ್ಡು ಕೊಡ್ತದೆ ಅಂತ ಕೌಂಟರಿನ ಪಾಠವನ್ನೆಲ್ಲ ಒಪ್ಪಿಸಿದೆ. ತಲೆ ಬಗ್ಗಿಸಿ ಕೇಳಿದರು, ಒಂದಕ್ಷರ ಒಳಗೆ ಇಳೀಲಿಲ್ಲ. ಕೊನೆಗೆ ನನಗೇ ರೇಗಿಹೋಯ್ತು. ಸೆರಗಿನ ಅಡಿಯಿಂದ ಕೈ ತೆಗೆದು ಅವರ ಮುಖದ ಮುಂದೆ ಬಿಡಿಸಿ ಹಿಡಿದೆ.

"ನೋಡಿ. ರೋಗಿಯ ಮನೆಗೆ ಬಂದವಳು ನಾನು. ಒಂದು ಬ್ರೆಡ್ಡೂ ತರ್ಲಿಲ್ಲ. ಹೊರಗೆ ಹಾಕ್ತೀರಾ ನನ್ನನ್ನು?"

ಪೂವಕ್ಕ ನನ್ನ ಕೈಯನ್ನೇ ನೋಡಿದರು. ಮತ್ತೆ ನನ್ನ ಮುಖ ನೋಡಿದರು. "ಛೆ, ಎಂತ ಮಾತು! ನೀವು ಬಂದದ್ದೇ ದೊಡ್ಡದು" ಅಂದುಬಿಟ್ಟರು. ಅಂದ ಮೇಲೆ ತಾನು ಎಂತ ಹೇಳಿದ್ದು ಅಂತ ಅವರಿಗೇ ಗೊತ್ತಾಯ್ತು. ಬೆಳ್ಯಪ್ಪಣ್ಣ ಕಿಸಕ್ಕನೆ ನಕ್ಕರು. ಪೂವಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನಾನೂ ಅತ್ತೆ, ನನಗೆಂತ ನಾಚಿಕೆ. ಮತ್ತೆ ಗಂಜಿ ಬಡಿಸಿದರು. ಸೌತೆಯ ಪಲ್ಯ, ಉಪ್ಪಿನಕಾಯಿ. ಬೇಡ ಅನ್ನದೆ ಎರಡು ಸಲ ಹಾಕಿಸಿಕೊಂಡೆ.

ಅದೇ ವಾರ ಬಂದರು. ನಾನು ಕೌಂಟರ್ ಬಿಟ್ಟು ಗೇಟಿನ ಹತ್ತಿರ ನಿಂತಿದ್ದೆ. ರಿಕ್ಷಾದಿಂದ ಇಳಿದ ಪೂವಕ್ಕನಿಗೆ ಕೈ ಎಲ್ಲಿ ಇಡುದು ಅಂತಲೇ ಗೊತ್ತಾಗ್ತಾ ಇರ್ಲಿಲ್ಲ. ಒಮ್ಮೆ ಸೆರಗು ಹಿಡೀತಾರೆ, ಒಮ್ಮೆ ಬೆನ್ನ ಹಿಂದೆ ಕಟ್ತಾರೆ. ಗೇಟಿನವನ ಮುಖ ನೋಡ್ಲಿಕ್ಕೂ ನಾಚಿಕೆ. ಗೇಟಿನಿಂದ ವಾರ್ಡಿನವರೆಗಿನ ಆ ಸ್ವಲ್ಪ ದೂರ ಅವರಿಗೆ ಎಷ್ಟು ಕಷ್ಟ ಆಯ್ತು ಅಂತ ನಾನು ಕಣ್ಣಾರೆ ನೋಡಿದೆ. ಹೋಗಿ ಒಂದು ಕೈ ನಾನು ಹಿಡ್ಕೊಂಡೆ. ಬೆಡ್ಡಿನವರೆಗೂ ಬಿಡ್ಲಿಲ್ಲ. ಡಾಕ್ಟರಮ್ಮನಿಗೆ ಮೊದಲೇ ಹೇಳಿದ್ದೆ, ಅವರು ಚೀಲದ ಸುದ್ದಿಯೇ ಎತ್ತದೆ, "ಕೈ ಕೊಡಿ, ನರ ನೋಡುವಾ" ಅಂದರು.

ಆಮೇಲೆ ಒಂದೂ ತಪ್ಪಿಸ್ಲಿಲ್ಲ. ಕೊನೆಯ ಡ್ರಿಪ್ ಮುಗಿಸಿ, ಮಂಗಳೂರಿಗೆ ಹೋಗಿ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸುದೂ ಮುಗಿಯುವಷ್ಟರಲ್ಲಿ ಮಗಳು ಹೆರಿಗೆಗೆ ಬಂದಳು. ಹೆಣ್ಣುಮಗು. ಪೂವಕ್ಕನೇ ಮೀಯಿಸಿದ್ದು ಅಂತ ಬೆಳ್ಯಪ್ಪಣ್ಣ ಗುಡ್ಡ ಹತ್ತಿ ಫೋನ್ ಮಾಡಿ ಹೇಳಿದರು. ತೊಟ್ಟಿಲು ಹಾಕುವ ದಿನ ಕರೆದರು, ಡ್ಯೂಟಿ ಬಿಟ್ಟು ಹೋಗ್ಲಿಕ್ಕೆ ಆಗ್ಲಿಲ್ಲ. ಮತ್ತೆ ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಅಂತ ಮಂಗಳೂರಿಗೇ ಹೋಗ್ತಿದ್ದರಂತೆ. ನಮ್ಮ ಕಡೆ ಬರುವ ಅಗತ್ಯ ಇರ್ಲಿಲ್ಲ. ನಾನೂ ಕೆಲಸ ಬಿಟ್ಟೆ.

ಹುಡುಗಿಯರೇ, ಈ ಕೆಲಸದಲ್ಲಿ ಒಂದು ಸಂಕಟ ಉಂಟು, ಅದನ್ನು ಯಾರೂ ಮೊದಲೇ ಹೇಳುದಿಲ್ಲ. ಯಾರ ಮೇಲೆ ನಿಮಗೆ ಜೀವ ಉಂಟೋ ಅವರು ಮತ್ತೆ ಬರಬಾರದು ಅಂತ ನೀವೇ ಕೈ ಮುಗಿಯಬೇಕು. ಬಂದರೆ ಕಾಯಿಲೆ ತಿರುಗಿ ಬಂದ ಹಾಗೆ. ಬಾರದಿದ್ದರೆ ಗುಣ ಆಯ್ತೋ, ಅಥವಾ ಇನ್ನೊಂದೋ, ಗೊತ್ತಾಗುದಿಲ್ಲ. ಪೂವಕ್ಕನನ್ನು ನೋಡ್ಬೇಕು ಅಂತ ನನಗೆ ಎಷ್ಟು ಆಸೆ ಇತ್ತೋ, ಹೋಗಿ ವಿಚಾರಿಸ್ಲಿಕ್ಕೆ ಅಷ್ಟೇ ಹೆದರಿಕೆ ಇತ್ತು. ಸುಳ್ಯದ ಬಸ್ಸು ಮನೆಯೆದುರೇ ಹೋಗ್ತದೆ. ದಿನಾ ನೋಡ್ತಿದ್ದೆ, ಹತ್ತುತ್ತಿರ್ಲಿಲ್ಲ.

ಮೊನ್ನೆ ಹತ್ತಿಯೇ ಬಿಟ್ಟೆ. ಆದದ್ದಾಗಲಿ ಅಂತ.

ಜೀಪು ಇಳಿದು ಅವರ ಅಂಗಳಕ್ಕೆ ಕಾಲಿಟ್ಟೆ. ಹಗ್ಗದ ಮೇಲೆ ಒಣಗಲಿಕ್ಕೆ ಹಾಕಿದ್ದು ಒಂದು ಪಂಚೆ, ಒಂದು ಬನಿಯನ್. ಸೀರೆ ಇಲ್ಲ. ಜಗಲಿಯಲ್ಲಿ ಬೀಡಿಯ ಮೊರ ಗೋಡೆಗೆ ಆನಿಸಿ ಇಟ್ಟದ್ದು, ಅದರ ಮೇಲೆ ಧೂಳು. ಒಳಗಿನಿಂದ ಬೆಳ್ಯಪ್ಪಣ್ಣ ಒಬ್ಬರೇ ಬಂದರು, ಕೈಯಲ್ಲಿ ಸೌಟು. ನನ್ನ ಗುರುತು ಹಿಡಿದು, ಹೇಗಿದ್ದೀರಿ ಅಂತ ಅವರ ಅರೆಭಾಷೆಯಲ್ಲೇ ಕೇಳ್ತಾ, "ಹೇಂಗೆ ಒಳರಿ ಸಿಸ್ಟರೇ? ಕೂರಿ ಕೂರಿ" ಅಂತ ಚಾಪೆ ಹಾಸಿದರು. ನನಗೆ ಕೂರ್ಲಿಕ್ಕೆ ಆಗ್ಲಿಲ್ಲ. ನಿಂತಲ್ಲಿಂದಲೇ ಒಳಗೆ ಬಗ್ಗಿ ನೋಡಿದೆ.

ಅವರೇ ಹೇಳಿದರು. "ಅವ್ಳು ಇಲ್ಲ. ಹೋಗಿ ಒಂದು ತಿಂಗಳಾಯ್ತು."

ನಾನು ಕಂಬ ಹಿಡ್ಕೊಂಡೆ.

"ಕಡಬಕ್ಕೆ," ಅಂದರು ಬೆಳ್ಯಪ್ಪಣ್ಣ. "ಮಗಳಿಗೆ ಎರಡನೇದು ಗಂಡು ಹುಟ್ಟಿದ್ದು. ಬಾಣಂತನಕ್ಕೆ ಅಲ್ಲೇ ಹೋಗಿ ಕೂತಿದ್ದಾಳೆ. ನಾನಿಲ್ಲಿ ಗಂಜಿ ಅಡಿ ಹಿಡಿಸಿಕೊಂಡು ತಿನ್ನುದು ಅವ್ಳಿಗೆಂತ ಗೊತ್ತು? ನಿಲ್ಲಿ, ಈಗ ಮನೆಯಲ್ಲೇ ಫೋನ್ ಸಿಗ್ತದೆ, ಮಾಡಿ ಕೊಡ್ತೇನೆ."

ಆ ಮನುಷ್ಯನಿಗೆ ಎರಡು ಬಾರಿಸುವಾ ಅಂತ ಕಂಡಿತು ನನಗೆ. ಅಷ್ಟರಲ್ಲಿ ಫೋನು ನನ್ನ ಕೈಗೆ ಬಂತು. ಆಚೆ ಬದಿಯಲ್ಲಿ ಒಂದು ಮಗು ಊರು ಕೇಳುವ ಹಾಗೆ ಕಿರುಚ್ತಾ ಇತ್ತು. ನೀರು ಸುರಿಯುವ ಸದ್ದು. ಅದರ ನಡುವೆ ಪೂವಕ್ಕನ ಸ್ವರ, ಮೊದಲಿಗಿಂತ ದೊಡ್ಡದು, ಗಟ್ಟಿ.

"ಯಾರು? ಸಿಸ್ಟರಾ? ಅಯ್ಯೋ ದೇವರೇ, ನಮ್ಮ ಮನೆಗೆ ಬಂದದ್ದಾ? ಸಿಸ್ಟರೇ, ಮಗು ಕಾಲ ಮೇಲೆ ಉಂಟು, ಕೈ ಪೂರಾ ಎಣ್ಣೆ. ನೀರು ತಣೀತದೆ. ಈಗ ಮಾತಾಡ್ಲಿಕ್ಕೆ ಪುರ್ಸೊತ್ತಿಲ್ಲ ಮಾರಾಯ್ತಿ, ಇಡ್ತೇನೆ!"

ಇಟ್ಟೇ ಬಿಟ್ಟರು.

ಬೆಳ್ಯಪ್ಪಣ್ಣನಿಗೆ ಮುಜುಗರ ಆಯ್ತು. "ಅವ್ಳು ಹಾಗೇ ಸಿಸ್ಟರೇ, ಬೇಜಾರು ಮಾಡ್ಬೇಡಿ. ಇನ್ನೊಮ್ಮೆ ಮಾಡ್ಲಾ?" ಅಂದರು.

"ಬೇಡ ಬೇಡ," ಅಂದೆ. "ಮಗುವಿಗೆ ಶೀತ ಆಗ್ತದೆ."

ಚಾಪೆಯಲ್ಲಿ ಕೂತು ಕಣ್ಣು ಒರೆಸಿಕೊಂಡೆ. ಸಂಜೆಯ ಜೀಪಿನವರೆಗೂ ಕೂತಿದ್ದೆ, ಪೂವಕ್ಕ ತಿರುಗಿ ಫೋನ್ ಮಾಡ್ಲಿಲ್ಲ. ಅವರನ್ನು ಒಮ್ಮೆ ನೋಡ್ಬೇಕು ಅಂತ ನನಗೆ ಈಗಲೂ ಆಸೆ ಉಂಟು. ಅವರಿಗೆ ಪುರ್ಸೊತ್ತಾಗಲಿ.